ಕುದಿ ಮೊದಲು, ನಿಧಾನ ಅನಂತರ

ಮಳೆಗಾಲ ಕಾಲಿಡುವ ಮುನ್ನ ಒಣ ಕಟ್ಟಿಗೆ ಕೂಡಿಡುವ ಕೆಲಸ ಮಲೆನಾಡಿನ ಅನೇಕ ಮನೆಗಳಿಗೆ ಇಂದಿಗೂ ತಪ್ಪಿಲ್ಲ. ಅಡುಗೆ ಅನಿಲ ಬಂದ ಮನೆಗಳಲ್ಲಿಯೂ ಹೊತ್ತು ಹಿಡಿಯುವ ಕಾಳುಗಳನ್ನು ಒಲೆಯ ಮೇಲೆ ಬೇಯಿಸುವವರಿದ್ದಾರೆ. ಆ ಕಟ್ಟಿಗೆಯನ್ನು ಕೊಡುವುದು ಕಾಡು, ಹೊರುವುದು ಹೆಚ್ಚಾಗಿ ಹೆಂಗಸರು. ಆದ್ದರಿಂದ ಒಂದು ಪಾತ್ರೆ ಕಾಳಿಗೆ ಎಷ್ಟು ಬೆಂಕಿ ಬೇಕೆಂಬುದು ಅಡುಗೆಮನೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ನೀರು ಕುದಿಯತೊಡಗಿದ ಮೇಲೆ ಎಷ್ಟು ಸೌದೆ ತುರುಕಿದರೂ ಅದರ ಉಷ್ಣತೆ ಏರದು. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹಾರಿಹೋಗುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಬೇಕಾದ ಶಾಖದ ಸುಮಾರು ಏಳು ಪಟ್ಟು, ಅದೇ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಕಾಳು ಮೆತ್ತಗಾಗಲು ಬೇಕಾದುದು ಕೊತಕೊತ ಕುದಿತವಲ್ಲ, ಬಿಡದೆ ನಿಲ್ಲುವ ಬಿಸಿ. ಕೆಂಡದ ಮೇಲೆ ಹುರುಳಿಯ ಮಡಕೆ ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದ ಹಿರಿಯರಿಗೆ ಈ ಮರ್ಮ ತಿಳಿದಿತ್ತು. 1971ರಲ್ಲಿ ಅಮೆರಿಕದಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ವಿದ್ಯುತ್ ಸ್ಲೋ ಕುಕ್ಕರ್ ಮಾಡುವುದೂ ಇದನ್ನೇ.

ಆದರೆ ನಿಧಾನಕ್ಕೂ ಒಂದು ಮಿತಿಯುಂಟು. ರಾಜ್ಮಾ ಕಾಳಿನಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇದೆ. ಕೆಂಪು ರಾಜ್ಮಾದಲ್ಲಿ ಅದು ಅತಿ ಹೆಚ್ಚು. ನಾಲ್ಕೈದು ಹಸಿ ಕಾಳು ತಿಂದರೂ 1ರಿಂದ 3 ಗಂಟೆಗಳಲ್ಲಿ ತೀವ್ರ ವಾಂತಿ, ಬಳಿಕ ಭೇದಿ ಆರಂಭವಾಗಬಹುದು. 80 ಡಿಗ್ರಿಯ ಬಿಸಿಗೆ ಈ ವಿಷ ನಾಶವಾಗುವುದಿಲ್ಲ. ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಅಪಾಯಕಾರಿಯಾಗಬಲ್ಲದು. ಸ್ಲೋ ಕುಕ್ಕರಿನ ಒಳಬಿಸಿ ಕುದಿಯ ಮಟ್ಟಕ್ಕೆ ಏರದೆ ಉಳಿಯುವುದುಂಟು. ಕಾಳು ಮೆತ್ತಗಾಯಿತೆಂದರೆ ವಿಷ ಹೋಯಿತೆಂದು ಅರ್ಥವಲ್ಲ.

ಪರಿಹಾರ ಕಠಿಣವಲ್ಲ. ರಾಜ್ಮಾವನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಬೇಕು. ಎತ್ತರ ಏರಿದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ಕುದಿಬಿಂದು ಇಳಿಯುವುದರಿಂದ ಗುಡ್ಡದ ಊರುಗಳಲ್ಲಿ ಈ ಅವಧಿಯನ್ನು ಕಡಿತಗೊಳಿಸಲಾಗದು. ಅನಂತರ ಕುದಿಯುತ್ತಿರುವ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ, ಒಣ ಭತ್ತದ ಹುಲ್ಲನ್ನು ಒತ್ತಿ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಮೇಲೆಯೂ ಹುಲ್ಲು, ಕಂಬಳಿ ಹೊದಿಸಿ ಮೂರು ನಾಲ್ಕು ಗಂಟೆ ತೆರೆಯದೆ ಬಿಡಬೇಕು. ಹುಣಸೆಯ ಹುಳಿ ಕಾಳು ಬೇಯುವುದನ್ನು ತಡೆಯುತ್ತದೆ. ಆದುದರಿಂದ ಹುಣಸೆರಸ, ಉಪ್ಪು, ಕಾಯಿ ಮಸಾಲೆಗಳನ್ನು ಕೊನೆಗೆ ಬೆರೆಸಿ ಇನ್ನೊಮ್ಮೆ ಕುದಿಸಬೇಕು. ಈ ಎರಡನೆಯ ಕುದಿ ಆಹಾರ ಕೆಡದಂತೆಯೂ ಕಾಯುತ್ತದೆ. ಕೊಬ್ಬರಿ ಎಣ್ಣೆಯ ಒಗ್ಗರಣೆ ಬಿದ್ದರೆ, ಹಾಲು ತುಪ್ಪಗಳ ಹಂಗಿಲ್ಲದ ಕಾಳಿನ ಹುಳಿ ಸಿದ್ಧ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಬೆಂಕಿಯನ್ನು ಹೇಗೆ ಉರಿಸಬೇಕೆಂದು ಹಳ್ಳಿಗಳಿಗೆ ತೋರಿಸಿತು. ಯಾವಾಗ ಆರಿಸಬೇಕೆಂಬ ಪಾಠ ಇನ್ನೂ ಬಾಕಿ ಇದೆ. ಶಾಲೆಗಳ ಪರಿಸರ ಸಂಘಗಳು ಅದನ್ನು ಕೈಗೆತ್ತಿಕೊಳ್ಳಲಿ. ಒಂದೇ ಅಳತೆಯ ಕಾಳನ್ನು ಒಮ್ಮೆ ಒಲೆಯಲ್ಲೇ, ಇನ್ನೊಮ್ಮೆ ಕುದಿಸಿ ಹುಲ್ಲಿನ ಪೆಟ್ಟಿಗೆಯಲ್ಲಿ ಬೇಯಿಸಿ, ಉರಿದ ಕಟ್ಟಿಗೆಯನ್ನು ಎರಡು ಸಲವೂ ತೂಗಲಿ. ತಕ್ಕಡಿಯಲ್ಲಿ ಕಾಣುವ ವ್ಯತ್ಯಾಸವೇ ಕಾಡಿನಲ್ಲಿ ಉಳಿಯುವ ಮರ, ತಲೆಯಿಂದ ಇಳಿಯುವ ಹೊರೆ.