ಘನತೆಯ ಸಾವಿನ ಹಕ್ಕು ತಾಲ್ಲೂಕು ಆಸ್ಪತ್ರೆಯವರೆಗೂ ಬರಲಿ: ಆರೋಗ್ಯ ಸಚಿವರಿಗೆ ಮನವಿ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ ಜಿಲ್ಲೆ

ವಿಷಯ: ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಹಕ್ಕು, ಮುಂಗಡ ವೈದ್ಯಕೀಯ ನಿರ್ದೇಶನ ಹಾಗೂ ಉಪಶಾಮಕ ಆರೈಕೆಯನ್ನು ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಜಾರಿಗೆ ತರುವ ಬಗ್ಗೆ.

ಮಾನ್ಯರೇ,

ದಾವಣಗೆರೆ ಜಿಲ್ಲೆಯ ಹಿರಿಯ ನಾಗರಿಕರು, ಹಾಸಿಗೆ ಹಿಡಿದವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಕುಟುಂಬದವರು, ನಿವೃತ್ತ ಶುಶ್ರೂಷಕಿಯರು, ವೈದ್ಯರು ಮತ್ತು ವಕೀಲರಾದ ನಾವು ಈ ಮನವಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಘನತೆಯಿಂದ ಸಾಯುವ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಊರಿನವರು ನಾವು. ಈ ಹಕ್ಕಿನ ಜಾರಿಗಾಗಿ 2025ರ ಜನವರಿ 30ರಂದು ತಮ್ಮ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಮನಸಾರೆ ಸ್ವಾಗತಿಸಿದವರೂ ಹೌದು. ಆದರೆ ಸುತ್ತೋಲೆ ಹೊರಡುವುದು ಬೆಂಗಳೂರಿನಲ್ಲಿ. ಜನ ಕೊನೆಯುಸಿರೆಳೆಯುವುದು ಜಗಳೂರು, ಹೊನ್ನಾಳಿ, ಚನ್ನಗಿರಿಗಳಲ್ಲಿ. ಈ ಎರಡರ ನಡುವಿನ ದೂರವನ್ನು ಕಡಿಮೆ ಮಾಡಿ ಎಂದು ಕೇಳಲು ಈ ಪತ್ರ.

ನಮ್ಮ ಮಾತಿನ ತಿರುಳು ಇಷ್ಟು. "ಚಿಕಿತ್ಸೆ ಸಾಕು" ಎನ್ನುವ ಹಕ್ಕು ಮತ್ತು ನೋವು ನೀಗುವ ಉಪಶಾಮಕ ಆರೈಕೆ ಜೊತೆಜೊತೆಗೆ ಸಿಗಬೇಕು. ಆರೈಕೆ ಇಲ್ಲದ ಕಡೆ ಬರಿಯ ಹಕ್ಕು ಕೊಟ್ಟರೆ, ಬಡವರ ಪಾಲಿಗೆ ಅದು ಬೇರೆ ದಾರಿಯಿಲ್ಲದೆ ಒಪ್ಪಿಕೊಳ್ಳುವ ಸಾವಾಗುತ್ತದೆ.

ಕಾನೂನು ಎಲ್ಲಿಗೆ ಬಂದಿದೆ

ಸಂವಿಧಾನದ 21ನೇ ವಿಧಿಯಲ್ಲಿ ಸಾಯುವ ಹಕ್ಕು ಅಡಗಿಲ್ಲ ಎಂದು 1996ರಲ್ಲಿ ಜ್ಞಾನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಘನತೆಯ ಬದುಕಿನ ಹಕ್ಕು ಸಹಜ ಸಾವಿನ ಕೊನೆಯ ಘಳಿಗೆಯವರೆಗೂ ಇರುತ್ತದೆ ಎಂದೂ ಅದೇ ತೀರ್ಪು ಒಪ್ಪಿತು. ಮುಂದಿನ ಚರ್ಚೆಯೆಲ್ಲ ಬೆಳೆದದ್ದು ಈ ಎರಡನೆಯ ಮಾತಿನಿಂದ.

2011ರ ಮಾರ್ಚ್ 7ರ ತೀರ್ಪಿಗೆ ಕಾರಣರಾದ ಅರುಣಾ ಶಾನಭಾಗ್ ನಮ್ಮ ನಾಡಿನ ಹೆಣ್ಣುಮಗಳು, ಉತ್ತರ ಕನ್ನಡದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅವರು 1973ರಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಮರಳದ ಸ್ಥಿತಿಗೆ ಜಾರಿದರು. ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ತತ್ವವನ್ನು ನ್ಯಾಯಾಲಯ ಅವರ ಪ್ರಕರಣದಲ್ಲಿ ಒಪ್ಪಿತು. ಅರುಣಾ ಅವರ ವಿಷಯದಲ್ಲಿ ಮಾತ್ರ ಅನುಮತಿ ಕೊಡಲಿಲ್ಲ. ಅವರನ್ನು ದಶಕಗಳ ಕಾಲ ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡ ಸಹೋದ್ಯೋಗಿಗಳು "ಆಕೆ ಬದುಕಿರಲಿ" ಎಂದರು, ನ್ಯಾಯಾಲಯ ಆ ಮಾತಿಗೆ ಬೆಲೆ ಕೊಟ್ಟಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಚಿಕಿತ್ಸೆ ನಿಲ್ಲಿಸುವ ಹಕ್ಕಿನ ವಾದ, ಕೈಬಿಡದೆ ಆರೈಕೆ ಮಾಡುವವರ ವಾದ ಎರಡೂ ಗೌರವಕ್ಕೆ ಅರ್ಹವೆಂದು ನಾವು ಕಲಿತದ್ದು ಆ ಪ್ರಕರಣದಿಂದ.

2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಘನತೆಯ ಸಾವನ್ನು ಮೂಲಭೂತ ಹಕ್ಕಿನ ಭಾಗವೆಂದು ಸಾರಿ, ಮುಂದೆ ತಾನು ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಮಾನ್ಯತೆ ಕೊಟ್ಟಿತು. ಆದರೆ ಆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಷರತ್ತಿನಿಂದ ಆ ಹಕ್ಕು ಜನರ ಕೈಗೆಟುಕಲಿಲ್ಲ. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಪೀಠ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಈಗ ಸಾಕು. ಸಮಯ ಬಂದಾಗ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ ರೋಗಿಯ ಸ್ಥಿತಿಯನ್ನು ಪರಿಶೀಲಿಸುತ್ತದೆ. ಅನಂತರ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿ ಮತ್ತೊಮ್ಮೆ ನೋಡುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ನಿರ್ಧಾರ ಜಾರಿಗೆ ಬರುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿನ ಬಾಗಿಲು ತೆರೆದಿದೆ. ಈ ವ್ಯವಸ್ಥೆಯನ್ನೇ ತಮ್ಮ ಸುತ್ತೋಲೆ ರಾಜ್ಯಕ್ಕೆ ತಂದಿದೆ.

ನಾವು ಕೇಳುತ್ತಿರುವುದು ಏನು, ಏನಲ್ಲ

ಸುತ್ತೋಲೆ ಬಂದ ದಿನದಿಂದ "ದಯಾಮರಣಕ್ಕೆ ಅನುಮತಿ ಸಿಕ್ಕಿತು" ಎಂಬ ಮಾತು ಊರೂರಲ್ಲಿ ಹಬ್ಬಿದೆ. ಇದರಿಂದ ಕೆಲವರು ಹೆದರಿದ್ದಾರೆ, ಕೆಲವರು ಇಲ್ಲದ ಆಸೆ ಇಟ್ಟುಕೊಂಡಿದ್ದಾರೆ. ಆದ್ದರಿಂದ ಸ್ಪಷ್ಟಪಡಿಸುತ್ತೇವೆ: ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದನ್ನಾಗಲಿ, ಸಾಯಲು ಔಷಧಿ ಬರೆದುಕೊಡುವುದನ್ನಾಗಲಿ ನಾವು ಈ ಪತ್ರದಲ್ಲಿ ಕೇಳುತ್ತಿಲ್ಲ. ಆತ್ಮಹತ್ಯೆಗೆ ನೆರವಾಗುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಅದನ್ನು ಬದಲಿಸುವ ಕೆಲಸ ಸುತ್ತೋಲೆಯದಲ್ಲ.

ವೈದ್ಯರೇ ಸಾವಿಗೆ ನೆರವಾಗುವ ಪ್ರಶ್ನೆಯ ಮೇಲೆ ಈ ಪತ್ರಕ್ಕೆ ಸಹಿ ಹಾಕಿದವರಲ್ಲೂ ಒಮ್ಮತವಿಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ, ಕೆನಡಾ 2016ರಲ್ಲಿ ವೈದ್ಯರ ನೆರವಿನ ಸಾವಿಗೆ ಕಾನೂನು ಜಾರಿಗೆ ತಂದವು. ಸಹಿಸಲಾಗದ ಯಾತನೆಯಲ್ಲಿರುವ ವ್ಯಕ್ತಿಯ ಮಾತೇ ಕೊನೆಯ ಮಾತಾಗಬೇಕು, ಯಂತ್ರ ತೆಗೆಯುವುದಕ್ಕೂ ಔಷಧಿ ಕೊಡುವುದಕ್ಕೂ ಸಾಯುವವನ ಪಾಲಿಗೆ ಏನು ವ್ಯತ್ಯಾಸ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಇನ್ನು ಕೆಲವರು ಅದೇ ಕೆನಡಾವನ್ನು ಎಚ್ಚರಿಕೆಯಾಗಿ ತೋರಿಸುತ್ತಾರೆ. 2021ರಲ್ಲಿ ಅಲ್ಲಿ ಸಾವು ಸಮೀಪಿಸದವರಿಗೂ ಅವಕಾಶ ವಿಸ್ತರಿಸಿದಾಗ, ಬದುಕಲು ಬೇಕಾದ ನೆರವು ಕೊಡದೆ ಸಾಯಲು ನೆರವು ಕೊಡುವುದು ಯಾವ ನ್ಯಾಯ ಎಂದು ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು. ಮುಪ್ಪಿನವರನ್ನು "ಭಾರ" ಎಂದು ಎಣಿಸುವ ಮನೆಗಳು ನಮ್ಮಲ್ಲೂ ಇರುವಾಗ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆ ಚರ್ಚೆ ಸಂಸತ್ತಿನಲ್ಲಿ, ಸಮಾಜದಲ್ಲಿ ನಡೆಯಲಿ. ಶ್ರವಣಬೆಳಗೊಳದ ಶಾಸನಗಳ ಕಾಲದಿಂದ ನಡೆದುಬಂದ, ಆಹಾರ ತೊರೆದು ಸಾವನ್ನು ಸ್ವೀಕರಿಸುವ ಜೈನರ ಸಲ್ಲೇಖನ ವ್ರತವನ್ನು ಈ ವೈದ್ಯಕೀಯ ಹಕ್ಕಿನೊಡನೆ ಬೆರೆಸುವುದೂ ಸರಿಯಲ್ಲ; ಅದು ಧಾರ್ಮಿಕ ಆಚರಣೆಯ ಪ್ರಶ್ನೆಯಾಗಿ ಸುಪ್ರೀಂ ಕೋರ್ಟಿನ ಮುಂದೆ ಪ್ರತ್ಯೇಕವಾಗಿ ಹೋಗಿದೆ.

ನಾವು ಕೇಳುತ್ತಿರುವುದು ರಾಜ್ಯದ ಕೈಯಲ್ಲೇ ಇರುವ ಕೆಲಸವನ್ನು. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯ. ದೆಹಲಿಯ ಕಡೆ ನೋಡುತ್ತ ಕೂರಬೇಕಾದ ಅಗತ್ಯವಿಲ್ಲ.

ಇಂದಿನ ಸ್ಥಿತಿ

ಐಸಿಯು ಹೊರಗೆ ಕೂತ ಕುಟುಂಬಕ್ಕೆ "ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎನ್ನುವ ಮಾತು ಹೊಸದಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಮಾಡಿಸಿಕೊಳ್ಳುತ್ತಿದ್ದೇವೆ ಎಂದು ಬರೆದ ಹಾಳೆಗೆ ಮನೆಯವರು ಸಹಿ ಹಾಕುತ್ತಾರೆ. ಆಂಬುಲೆನ್ಸಿನಲ್ಲಿ ಕೈಯಿಂದ ಚೀಲ ಒತ್ತುತ್ತ ಉಸಿರು ಕೊಡುತ್ತ ಊರು ಮುಟ್ಟಿಸುವ ಪ್ರಯತ್ನ ನಡೆಯುತ್ತದೆ. ಎಷ್ಟೋ ಮಂದಿ ದಾರಿಯಲ್ಲೇ ಹೋಗುತ್ತಾರೆ. ಮನೆ ಮುಟ್ಟಿದವರಿಗೆ ನೋವು ನಿವಾರಕವಿಲ್ಲ, ಉಸಿರುಗಟ್ಟಿದಾಗ ಕರೆಯಲು ಯಾರೂ ಇಲ್ಲ. ಕಾಗದದ ಮೇಲೆ ಇದು ಕುಟುಂಬದ "ನಿರ್ಧಾರ"; ವಾಸ್ತವದಲ್ಲಿ ಹಣ ಮುಗಿದದ್ದರ ಫಲ. ಮಂಡಳಿ ಕೂರಲಿಲ್ಲ, ರೋಗಿಯ ಇಚ್ಛೆ ಏನಿತ್ತೆಂದು ಯಾರೂ ಕೇಳಲಿಲ್ಲ, ಎಲ್ಲಿಯೂ ದಾಖಲಾಗಲಿಲ್ಲ.

ಇನ್ನೊಂದು ಕಡೆ, ಚೇತರಿಸಿಕೊಳ್ಳುವ ಭರವಸೆ ಕಿಂಚಿತ್ತೂ ಇಲ್ಲದ ರೋಗಿಯ ವೆಂಟಿಲೇಟರ್ ತೆಗೆಯಲು ವೈದ್ಯರು ಹೆದರುತ್ತಾರೆ. ನಾಳೆ ಸಂಬಂಧಿಕರೊಬ್ಬರು ದೂರು ಕೊಟ್ಟರೆ ಪೊಲೀಸರು ಬರುತ್ತಾರೆಂಬ ಭಯ ಅವರದು. ಹೊಲ ಮನೆ ಮಾರಿ ಬಿಲ್ ಕಟ್ಟುವ ಕುಟುಂಬ ಒಂದು ಕಡೆ, ತಾನು ಬೇಡವೆಂದಿದ್ದ ಕೊಳವೆಗಳ ನಡುವೆ ಮಲಗಿದ ರೋಗಿ ಇನ್ನೊಂದು ಕಡೆ.

"ಈ ಹಕ್ಕು ಆಸ್ತಿಗೆ ಕಾದು ಕುಳಿತ ಮಕ್ಕಳ ಕೈಗೆ ಸಿಕ್ಕರೆ?" ಎಂಬ ಆಕ್ಷೇಪವನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಎರಡು ಮಂಡಳಿ, ಸಾಕ್ಷಿಗಳು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಇವೆಲ್ಲ ಇರುವುದು ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯಲ್ಲಿ. "ಮನೆಗೆ ಕರ್ಕೊಂಡು ಹೋಗಿ" ಎನ್ನುವ ದಾರಿಯಲ್ಲಿ ಯಾವ ತಡೆಯೂ ಇಲ್ಲ. ದುರುಪಯೋಗದ ಭಯವಿರುವವರೇ ಸುತ್ತೋಲೆ ಬಿಗಿಯಾಗಿ ಜಾರಿಯಾಗಲಿ ಎಂದು ಮೊದಲು ಕೇಳಬೇಕು.

ನಮ್ಮ ಬೇಡಿಕೆಗಳು

1. ನಿರ್ದೇಶನದ ಪಾಲಕರು: ಮುಂಗಡ ನಿರ್ದೇಶನದ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಒಪ್ಪಿಸಬೇಕು, ಆ ಸಂಸ್ಥೆ ಅದಕ್ಕೊಬ್ಬ ಪಾಲಕರನ್ನು ನೇಮಿಸಬೇಕು ಎಂಬುದು ತೀರ್ಪಿನ ಅಂಗ. ಪ್ರತಿ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ ಮತ್ತು ಮಹಾನಗರ ಪಾಲಿಕೆಯಲ್ಲಿ ಪಾಲಕರ ಹೆಸರನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಪ್ರತಿ ಒಪ್ಪಿಸಿದವರಿಗೆ ಸ್ವೀಕೃತಿ ಪತ್ರ ಕೊಡಬೇಕು. ನೆರೆಯ ಮಹಾರಾಷ್ಟ್ರದಲ್ಲಿ ಈ ನೇಮಕಕ್ಕೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬೇಕಾಯಿತು. ನಮ್ಮನ್ನು ಕೋರ್ಟಿಗೆ ಅಲೆಸಬೇಡಿ.

2. ಕನ್ನಡದ ನಮೂನೆ: ಹೈಸ್ಕೂಲು ಓದಿದವರು ತಾವೇ ಓದಿ ತುಂಬಬಹುದಾದ ಕನ್ನಡ ನಮೂನೆಯನ್ನು ಇಲಾಖೆ ಪ್ರಕಟಿಸಿ ಉಚಿತವಾಗಿ ಕೊಡಬೇಕು. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಿ ದಾಖಲಿಸುವ ಕ್ರಮವಿರಬೇಕು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಪತ್ರಾಂಕಿತ ಅಧಿಕಾರಿ ದೃಢೀಕರಿಸಬೇಕು. ಬರೆದದ್ದನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು ಎಂಬುದು ನಮೂನೆಯ ಮೇಲೆಯೇ ದಪ್ಪಕ್ಷರದಲ್ಲಿರಬೇಕು.

3. ದ್ವಿತೀಯ ಮಂಡಳಿಗೆ ಸಿದ್ಧ ಪಟ್ಟಿ: ಸುತ್ತೋಲೆ ಹೇಳಿದ ನರರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮತ್ತು ತೀವ್ರ ನಿಗಾ ತಜ್ಞರ ಪಟ್ಟಿಯನ್ನು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ತಜ್ಞರ ಕೊರತೆಯಿದ್ದರೆ ಪಕ್ಕದ ಜಿಲ್ಲೆಯವರನ್ನು ಸೇರಿಸಬೇಕು. ರಜಾದಿನವೆಂಬ ಕಾರಣಕ್ಕೆ 48 ಗಂಟೆ ದಾಟಬಾರದು.

4. ಪ್ರತಿ ತಾಲ್ಲೂಕಿನಲ್ಲಿ ಉಪಶಾಮಕ ಆರೈಕೆ: ಇದು ನಮ್ಮ ಬೇಡಿಕೆಗಳಲ್ಲೆಲ್ಲ ದೊಡ್ಡದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ಬಂದದ್ದು 2012ರಲ್ಲಿ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್‌ನಂಥ ಔಷಧಿಗಳನ್ನು ಇಟ್ಟುಕೊಳ್ಳುವುದನ್ನು ಸುಲಭಗೊಳಿಸಿತು. ಕೇರಳ 2008ರಲ್ಲೇ ನೀತಿ ರೂಪಿಸಿ ಪಂಚಾಯಿತಿಗಳ ಮೂಲಕ ಮನೆಬಾಗಿಲಿಗೆ ಶುಶ್ರೂಷಕಿಯರನ್ನು ಕಳುಹಿಸಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಕೊಡುತ್ತಿದೆ. ಅಂಥದ್ದು ಬೇಕೆಂದು ಜಗಳೂರಿನವರು ಬೆಂಗಳೂರಿಗೆ ಹೋಗಬೇಕೇ? ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ಹಾಸಿಗೆಗಳು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಅದನ್ನು ಬರೆದುಕೊಡಲು ತರಬೇತಿ ಪಡೆದ ವೈದ್ಯರು, ಮನೆಗೆ ಬರುವ ಶುಶ್ರೂಷಕಿಯರ ತಂಡ ಇವಿಷ್ಟನ್ನು ಕಾಲಮಿತಿಯೊಳಗೆ ಒದಗಿಸಬೇಕು. ಮನೆಯಲ್ಲಿ ಕೊಡುವ ಉಪಶಾಮಕ ಆರೈಕೆಯ ವೆಚ್ಚವನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಭರಿಸಬೇಕು. ಉಪಶಾಮಕ ಆರೈಕೆಯ ವ್ಯವಸ್ಥೆ ಮಾಡದೆ ಯಾವ ಆಸ್ಪತ್ರೆಯೂ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವಂತಿರಬಾರದು.

5. "ಸಲಹೆಗೆ ವಿರುದ್ಧದ ಬಿಡುಗಡೆ"ಯ ಲೆಕ್ಕ: ಐಸಿಯುನಿಂದ ಹೀಗೆ ಹೊರಬೀಳುವ ಪ್ರತಿ ರೋಗಿಯ ಕಾರಣವನ್ನು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ದಾಖಲಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ವರದಿ ಮಾಡಬೇಕು. ಚಿಕಿತ್ಸೆ ನಿಲ್ಲಿಸುವ ಹಕ್ಕಿನ ವಿಧಾನವನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಸ್ಪತ್ರೆಗಳಲ್ಲಿ ಪ್ರದರ್ಶಿಸುವ ರೋಗಿಗಳ ಸನ್ನದಿನಲ್ಲಿ ಸೇರಿಸಬೇಕು.

6. ಯಾರೂ ಇಲ್ಲದವರು: ವೃದ್ಧಾಶ್ರಮಗಳಲ್ಲಿ, ಬೀದಿಯಲ್ಲಿ, ನಿರಾಶ್ರಿತರ ಕೇಂದ್ರಗಳಲ್ಲಿ ಇರುವವರ ಪರವಾಗಿ ಒಪ್ಪಿಗೆ ಕೊಡುವ ಕುಟುಂಬವಿಲ್ಲ. ಇವರ ವಿಷಯದಲ್ಲಿ ಆತುರದ ನಿರ್ಧಾರವೂ ಆಗಬಾರದು, ಅನಂತ ಯಾತನೆಯೂ ಆಗಬಾರದು. ಇವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಬೇಕು.

7. ಅಂಗವಿಕಲರಿಗೆ ರಕ್ಷಣೆ: ಅಂಗವೈಕಲ್ಯ, ವಯಸ್ಸು ಅಥವಾ ಬಡತನವನ್ನು ಚಿಕಿತ್ಸೆ ನಿಲ್ಲಿಸಲು ಕಾರಣವಾಗಿ ಪರಿಗಣಿಸತಕ್ಕದ್ದಲ್ಲ ಎಂದು ಸುತ್ತೋಲೆಗೆ ತಿದ್ದುಪಡಿ ತರಬೇಕು. ಮಾರ್ಗಸೂಚಿ ರಚಿಸುವ ಸಮಿತಿಯಲ್ಲಿ ಅಂಗವಿಕಲರು, ಶುಶ್ರೂಷಕಿಯರು ಮತ್ತು ಆರೈಕೆದಾರರು ಇರಬೇಕು.

8. ವೈದ್ಯರಿಗೂ ಪೊಲೀಸರಿಗೂ ಸ್ಪಷ್ಟ ಸೂಚನೆ: ವಿಧಾನವನ್ನು ಪಾಲಿಸಿ ಚಿಕಿತ್ಸೆ ನಿಲ್ಲಿಸಿದ ವೈದ್ಯರಿಗೆ ಕಿರುಕುಳವಾಗದಂತೆ ಗೃಹ ಇಲಾಖೆಯ ಮೂಲಕ ಠಾಣೆಗಳಿಗೆ ತಿಳಿಸಬೇಕು, ವಿಧಾನ ಮೀರಿದವರ ಮೇಲೆ ಕ್ರಮವಾಗಬೇಕು. ಆತ್ಮಸಾಕ್ಷಿ ಒಪ್ಪದ ವೈದ್ಯರನ್ನು ಬಲವಂತಪಡಿಸಬಾರದು, ಆದರೆ ರೋಗಿಯನ್ನು ಬೇರೆ ವೈದ್ಯರಿಗೆ ಒಪ್ಪಿಸುವ ಹೊಣೆ ಅವರದಾಗಿರಬೇಕು.

9. ವಾರ್ಷಿಕ ವರದಿ: ಎಷ್ಟು ನಿರ್ದೇಶನಗಳು ಸಲ್ಲಿಕೆಯಾದವು, ಎಷ್ಟು ಪ್ರಕರಣಗಳು ಮಂಡಳಿಗಳ ಮುಂದೆ ಬಂದವು, ಎಷ್ಟು ತಿರಸ್ಕೃತವಾದವು, ಎಷ್ಟು ಮಂದಿಗೆ ಉಪಶಾಮಕ ಆರೈಕೆ ಸಿಕ್ಕಿತು ಎಂಬ ಅಂಕಿಅಂಶವನ್ನು ಹೆಸರುಗಳಿಲ್ಲದೆ ಪ್ರತಿ ವರ್ಷ ವಿಧಾನಮಂಡಲದ ಮುಂದಿಡಬೇಕು.

10. ಕೇಂದ್ರಕ್ಕೆ ಒತ್ತಾಯ: ನ್ಯಾಯಾಲಯದ ಮಾರ್ಗಸೂಚಿಯ ಮೇಲೆ ನಿಂತಿರುವ ಈ ಹಕ್ಕಿಗೆ ಸಂಸತ್ತು ಪೂರ್ಣ ಕಾನೂನಿನ ರೂಪ ಕೊಡಲಿ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು.

ಮಾನ್ಯರೇ, ಇವುಗಳಲ್ಲಿ ಮೊದಲ ಮೂರಕ್ಕೆ ಹೊಸ ಹಣ ಹೆಚ್ಚು ಬೇಕಿಲ್ಲ, ಆದೇಶವಷ್ಟೇ ಸಾಕು. ನಾಲ್ಕನೆಯದಕ್ಕೆ ಹಣ ಬೇಕು. ಅದನ್ನು ಮುಂದಿನ ಆಯವ್ಯಯದಲ್ಲಿ ತೆಗೆದಿರಿಸಬೇಕೆಂದು ಕೋರುತ್ತೇವೆ. ಈ ಬೇಡಿಕೆಗಳ ಕುರಿತು ನಮ್ಮ ನಿಯೋಗಕ್ಕೆ ಭೇಟಿಯ ಅವಕಾಶ ಕೊಡಬೇಕು ಹಾಗೂ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು ಎಂದು ವಿನಂತಿಸುತ್ತೇವೆ. ಹಕ್ಕನ್ನು ಕಾಗದಕ್ಕೆ ತಂದ ಸರ್ಕಾರವೇ ಅದನ್ನು ಹಳ್ಳಿಯ ರೋಗಿಯ ಹಾಸಿಗೆಯವರೆಗೂ ತಲುಪಿಸಬೇಕು.



ತಮ್ಮ ವಿಶ್ವಾಸಿಗಳು,
ದಾವಣಗೆರೆ ಜಿಲ್ಲೆಯ ಹಿರಿಯ ನಾಗರಿಕರು, ಆರೈಕೆದಾರರು, ಶುಶ್ರೂಷಕಿಯರು, ವೈದ್ಯರು ಮತ್ತು ವಕೀಲರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ದಾವಣಗೆರೆ