ಗಾಜಿನ ತಟ್ಟೆಯಲ್ಲಿ ಕಳೆದ ಏಳು ದಿನ



ಆಕಳಿಗೆ ಸೂಜಿ ಮಾಡಿಸಿದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟು, ಒಂಬತ್ತು ತಿಂಗಳು ಮೇಲೊಂದು ವಾರ ಎಂದು ಬೆರಳು ಮಡಚಿ ಎಣಿಸುವವರು ನಮ್ಮಲ್ಲಿ ಇದ್ದಾರೆ. ಎಮ್ಮೆಯಾದರೆ ಹತ್ತು ತಿಂಗಳು ಹತ್ತು ದಿನ. ಕೊನೆಯ ಎರಡು ತಿಂಗಳಲ್ಲಿ ಹಿಂಡಿ ಹೆಚ್ಚು ಹಾಕುತ್ತೇವೆ, ಈಯುವ ವಾರ ರಾತ್ರಿ ಎದ್ದು ನೋಡುತ್ತೇವೆ. ಆದರೆ ಮೊದಲ ವಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಟ್ಟೆ ಮುಟ್ಟಿದರೂ ಗೊತ್ತಾಗದ, ಡಾಕ್ಟರ್ ಕೈಹಾಕಿ ನೋಡಿದರೂ ತಿಳಿಯದ ಆ ಏಳು ದಿನಗಳಲ್ಲಿ ಏನು ತಾನೇ ನಡೆದೀತು ಎಂಬ ಭಾವನೆ. ಈ ತಿಂಗಳ ಅಂಕಣದಲ್ಲಿ ಆ ಏಳು ದಿನಗಳ ಬಗ್ಗೆಯೇ ಬರೆಯುತ್ತಿದ್ದೇನೆ. ಏಕೆಂದರೆ ಈಗ ಅದೇ ಏಳು ದಿನಗಳನ್ನು ಆಕಳ ಹೊಟ್ಟೆಯಿಂದ ಹೊರತೆಗೆದು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಳೆಯುವಂತೆ ಮಾಡುವ ಪದ್ಧತಿ ರೈತರ ಕೊಟ್ಟಿಗೆಯತ್ತ ಬರುತ್ತಿದೆ.

ಈ ಪದ್ಧತಿಗೆ ಐವಿಎಫ್ ಎನ್ನುತ್ತಾರೆ. ಹೆಚ್ಚು ಹಾಲು ಕೊಡುವ ಆಕಳ ಅಂಡಾಶಯದಿಂದ ಸೂಜಿಯ ಮೂಲಕ ಅಂಡಗಳನ್ನು ಹೀರಿ ತೆಗೆದು, ಒಂದು ದಿನ ಹದಗೊಳಿಸಿ, ಉತ್ತಮ ಹೋರಿಯ ವೀರ್ಯದೊಡನೆ ತಟ್ಟೆಯಲ್ಲಿ ಸೇರಿಸಿ, ಏಳು ದಿನ ಬೆಳೆಸಿ, ಹುಟ್ಟಿದ ಭ್ರೂಣವನ್ನು ಬೇರೊಂದು ಸಾಧಾರಣ ಆಕಳ ಗರ್ಭಕೋಶದಲ್ಲಿ ಇಡುತ್ತಾರೆ. ನೂರು ಅಂಡಗಳಲ್ಲಿ ಮೂವತ್ತು ನಾಲ್ವತ್ತು ಮಾತ್ರ ಈ ಹಂತ ಮುಟ್ಟುತ್ತವೆ. ಇದು ನಮ್ಮ ದೇಶಕ್ಕೆ ಹೊಸತೇನಲ್ಲ. ಕರ್ನಾಲಿನ ರಾಷ್ಟ್ರೀಯ ಹೈನುಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ‘ಪ್ರಥಮ್’ ಎಂಬ ಎಮ್ಮೆಯ ಕರು ಈ ರೀತಿಯಲ್ಲಿ ಹುಟ್ಟಿದ್ದು 1990ರಲ್ಲಿ. ಆದರೆ ಅಂದು ಅದು ವಿಜ್ಞಾನಿಗಳ ಸಾಧನೆ. ಇಂದು ಅದು ಯೋಜನೆ. 2014ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ್ ಮಿಷನ್ನಿನ ಅಡಿಯಲ್ಲಿ, 2021ರ ಪರಿಷ್ಕರಣೆಯ ನಂತರ, ಐವಿಎಫ್‌ನಿಂದ ಖಚಿತವಾಗಿ ಗಬ್ಬ ನಿಂತ ಪ್ರತಿ ಆಕಳಿಗೆ ರೈತನಿಗೆ 5,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ‘ಖಚಿತವಾಗಿ ಗಬ್ಬ ನಿಂತ’ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದಕ್ಕೆ ಮತ್ತೆ ಬರುತ್ತೇನೆ.

ಸಹಜವಾಗಿ ಗಬ್ಬವಾದ ಆಕಳಲ್ಲಿ ಅಂಡವೂ ವೀರ್ಯವೂ ಕೂಡುವುದು ಅಂಡನಾಳದಲ್ಲಿ. ಅಲ್ಲಿ ಒಂದು ಕಣ ಎರಡಾಗಿ, ನಾಲ್ಕಾಗಿ, ಎಂಟಾಗಿ, ನಾಲ್ಕೈದು ದಿನಕ್ಕೆ ಗರ್ಭಕೋಶಕ್ಕೆ ಇಳಿಯುತ್ತದೆ. ಏಳನೆಯ ದಿನಕ್ಕೆ ನೂರರ ಆಸುಪಾಸು ಕಣಗಳ ಒಂದು ಸಣ್ಣ ಗುಳ್ಳೆಯಾಗಿರುತ್ತದೆ. ಎಂಟರಿಂದ ಹದಿನಾರು ಕಣಗಳಾಗುವವರೆಗೂ ತಾಯಿಯ ಅಂಡದಲ್ಲಿ ಕೂಡಿಟ್ಟ ಬುತ್ತಿಯ ಮೇಲೆಯೇ ಅದರ ಬದುಕು. ಆಮೇಲೆ ಭ್ರೂಣದ ಸ್ವಂತ ವಂಶವಾಹಿಗಳು ಕೆಲಸ ಹಿಡಿಯುತ್ತವೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಏರ್ಪಾಡು ಹೆಚ್ಚಾಗಿ ಈ ದಿನಗಳಲ್ಲೇ ಆಗುತ್ತದೆ.

ಇದನ್ನು ತಿಳಿಯಲು ನಮ್ಮ ಪಹಣಿಯನ್ನು ನೆನೆಯಿರಿ. ಸರ್ವೆ ನಂಬರು ಅದೇ, ವಿಸ್ತೀರ್ಣ ಅದೇ, ಹದ್ದುಬಸ್ತು ಅದೇ. ಆದರೆ ಪಕ್ಕದ ಕಾಲಮ್ಮಿನಲ್ಲಿ ಬರೆದ ಒಂದು ಷರಾ ಸಾಕು, ಆ ಭೂಮಿಯನ್ನು ಮಾರುವುದೂ ಉಳುವುದೂ ನಿಂತುಹೋಗಲು. ವಂಶವಾಹಿಯೂ ಹಾಗೆಯೇ. ಡಿಎನ್‌ಎ ಎಂಬ ಮೂಲ ಬರಹ ಒಂದಕ್ಷರ ಬದಲಾಗದೆ ಇರುತ್ತದೆ. ಅದರ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಬಿದ್ದರೆ ಆ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಇಂಥ ಷರಾಗಳ ವಿದ್ಯೆಗೇ ಎಪಿಜೆನೆಟಿಕ್ಸ್ ಎಂದು ಹೆಸರು. ಗರ್ಭಧಾರಣೆಯಾದ ಮೊದಲ ದಿನಗಳಲ್ಲಿ ತಂದೆತಾಯಿಯರಿಂದ ಬಂದ ಹಳೆಯ ಷರಾಗಳಲ್ಲಿ ಬಹುಪಾಲು ಅಳಿಸಿಹೋಗಿ ಹೊಸದಾಗಿ ಬರೆಯಲ್ಪಡುತ್ತವೆ. ಕೆಲವು ಮಾತ್ರ ಅಳಿಸಬಾರದವು. ಅವುಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದವು ಮುಖ್ಯ: ತಂದೆಯಿಂದ ಬಂದ ಪ್ರತಿ ಬೆಳೆ ಬೆಳೆ ಎಂದು ಹುರಿದುಂಬಿಸುತ್ತದೆ, ತಾಯಿಯಿಂದ ಬಂದ ಇನ್ನೊಂದು ವಂಶವಾಹಿ ಮೂಗುದಾರ ಹಿಡಿದು ತಡೆಯುತ್ತದೆ. ಎರಡೂ ಸಮನಾಗಿ ಎಳೆದರೆ ಕರು ತಕ್ಕ ಗಾತ್ರಕ್ಕೆ ಬರುತ್ತದೆ.

ಈಗ ತಟ್ಟೆಯ ಮಾತು. ಉಷ್ಣ 38.5 ಡಿಗ್ರಿ ಇಟ್ಟರು, ಇಂಗಾಲಾಮ್ಲ ಶೇಕಡಾ 5 ಬಿಟ್ಟರು, ಉಪ್ಪು ಸಕ್ಕರೆ ಸೇರಿಸಿದ ದ್ರವ ಹಾಕಿದರು. ದನ ಕುರಿಗಳ ಭ್ರೂಣ ಬೆಳೆಸುವ ಮೊದಲ ಕಾಲದಲ್ಲಿ ಆ ದ್ರವಕ್ಕೆ ರಕ್ತದಿಂದ ಬೇರ್ಪಡಿಸಿದ ತಿಳಿ, ಅಂದರೆ ಸೀರಮ್, ಬೆರೆಸುವುದು ಸಾಮಾನ್ಯವಾಗಿತ್ತು. ಅದರಿಂದ ಭ್ರೂಣಗಳು ಬೇಗ ಬೆಳೆದು ಲೆಕ್ಕಕ್ಕೆ ಹೆಚ್ಚು ಸಿಗುತ್ತಿದ್ದವು. ಒಳಗೆ ಮಾತ್ರ ಕೊಬ್ಬು ತುಂಬಿ, ಶೀತಲೀಕರಿಸಿದರೆ ತಾಳಿಕೊಳ್ಳದೆ ಹಾಳಾಗುತ್ತಿದ್ದವು. ಗಾಳಿಯೂ ಒಂದು ಸಂಗತಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಇದ್ದರೆ ಅಂಡನಾಳದೊಳಗೆ ಅದರ ಅರ್ಧವೂ ಇರುವುದಿಲ್ಲ. ಯೂರಿಯಾ ಸುರಿದ ಬೆಳೆ ಕಡುಹಸಿರಾಗಿ ಎದ್ದು ನಿಂತು ಮೊದಲ ಬಿರುಗಾಳಿಗೇ ಮಲಗುವುದನ್ನು ನೀವು ಕಂಡಿದ್ದೀರಿ. ತಟ್ಟೆಯಲ್ಲಿ ಆದದ್ದೂ ಅದೇ ಬಗೆಯದು.

1990ರ ದಶಕದಲ್ಲಿ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್ ದೇಶಗಳಿಂದ ಒಂದೊಂದಾಗಿ ವರದಿಗಳು ಬಂದವು. ತಟ್ಟೆಯಲ್ಲಿ ಬೆಳೆದ ಭ್ರೂಣಗಳಿಂದ ಹುಟ್ಟಿದ ಕೆಲವು ಕುರಿಮರಿ ಕರುಗಳು ಮಿತಿಮೀರಿ ದೊಡ್ಡವು. ದಿನ ತುಂಬಿದರೂ ಈಯದ ಆಕಳು, ಹೊರಬರಲಾರದ ಕರು, ಹೊರಬಂದರೂ ಉಸಿರಾಟ ಸರಿಯಿಲ್ಲದೆ, ಮೊಲೆ ಚೀಪಲು ಬಾರದೆ, ನಾಲಗೆ ಉದ್ದವಾಗಿ, ಹೊಕ್ಕುಳಲ್ಲಿ ಅಂಡವಾಯುವಿನಂತೆ ಉಬ್ಬಿ, ಕೆಲವೇ ದಿನಕ್ಕೆ ಸಾಯುವುದು. ಎಚ್.ಎಫ್. ಕರು ಹುಟ್ಟುವಾಗ ಸುಮಾರು 40 ಕಿಲೋ ತೂಗಬೇಕಾದಲ್ಲಿ 60, 70 ಕಿಲೋ ತೂಗಿದವೂ ಇದ್ದವು. ಇದನ್ನು ‘ಬೃಹತ್ ಕರು ರೋಗಲಕ್ಷಣ’ ಎನ್ನಬಹುದು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಲೊರೇನ್ ಯಂಗ್ ಮತ್ತು ಸಂಗಡಿಗರು 2001ರಲ್ಲಿ ಇದರ ಒಂದು ಗಂಟನ್ನು ಬಿಡಿಸಿದರು. ಡಾಲಿ ಎಂಬ ಕುರಿ ಹುಟ್ಟಿದ್ದು ಇದೇ ಸಂಸ್ಥೆಯಲ್ಲಿ, 1996ರಲ್ಲಿ. ತಟ್ಟೆಯಲ್ಲಿ ಬೆಳೆದು ದೈತ್ಯಾಕಾರಕ್ಕೆ ತಿರುಗಿದ ಕುರಿಭ್ರೂಣಗಳಲ್ಲಿ, ಮೂಗುದಾರ ಹಿಡಿಯುವ ಐಜಿಎಫ್2ಆರ್ ಎಂಬ ವಂಶವಾಹಿಯ ಮೇಲಿನ ಷರಾ ಅಳಿಸಿ, ಅದು ಸೋತುಹೋಗಿತ್ತು. ಮೂಲ ಬರಹಕ್ಕೆ ಏನೂ ಆಗಿರಲಿಲ್ಲ. ದನಗಳಲ್ಲಿ ಒಂದಲ್ಲ, ಇಂಥ ಹಲವು ವಂಶವಾಹಿಗಳ ಷರಾ ಒಟ್ಟಿಗೆ ಕೆಡುತ್ತದೆಂದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ರೋಸಿಯೊ ಮೆಲಿಸ್ಸಾ ರಿವೆರಾ ಅವರ ತಂಡ 2015ರಲ್ಲಿ ತೋರಿಸಿತು.

ಮನುಷ್ಯರ ಮಕ್ಕಳಲ್ಲೂ ಇದನ್ನು ಹೋಲುವ ಒಂದು ಕಾಯಿಲೆ ಇದೆ. ಅದಕ್ಕೆ ಬೆಕ್‌ವಿತ್ ವೀಡೆಮನ್ ಎಂದು ಹೆಸರು. ಹತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದು. ದೊಡ್ಡ ನಾಲಗೆ, ಹೊಕ್ಕುಳ ತೊಂದರೆ ಅಲ್ಲಿಯೂ ಉಂಟು. ಐವಿಎಫ್ ಮಕ್ಕಳಲ್ಲಿ ಅದು ತುಸು ಹೆಚ್ಚಾಗಿ ಕಾಣುತ್ತದೆಂದು 2003ರಲ್ಲಿ ಹಲವು ದೇಶಗಳ ವೈದ್ಯರು ಬರೆದರು. ಇಲ್ಲಿ ಒಂದು ಸಂದೇಹವನ್ನು ಪರಿಹರಿಸಿಬಿಡುತ್ತೇನೆ: ಮನುಷ್ಯರ ವಿಷಯದಲ್ಲಿ ಧರ್ಮಸಭೆ 1987ರ ‘ದೋನುಮ್ ವೀತೆ’ ಪತ್ರದಲ್ಲಿ ಈ ಪದ್ಧತಿ ಬೇಡವೆಂದು ಹೇಳಿದೆ. ಅದು ಮನುಷ್ಯ ಭ್ರೂಣದ ಮಾತು, ದನಕರುಗಳದ್ದಲ್ಲ. ಆದುದರಿಂದ ಆಕಳಿಗೆ ಐವಿಎಫ್ ಮಾಡಿಸಿದರೆ ಪಾಪವೇ ಎಂದು ಯಾರೂ ಗುರುಗಳಲ್ಲಿಗೆ ಹೋಗಬೇಕಾಗಿಲ್ಲ.

ನಾನೂ ಈ ಪದ್ಧತಿಯ ವಿರೋಧಿಯಲ್ಲ. ಸೀರಮ್ ಬಿಟ್ಟು ಅಂಡನಾಳದ ರಸವನ್ನು ಹೋಲುವ ದ್ರವ ಬಳಸುವುದು, ಆಮ್ಲಜನಕವನ್ನು ಶೇಕಡಾ 5ಕ್ಕೆ ಇಳಿಸುವುದು ಒಳ್ಳೆಯ ಪ್ರಯೋಗಶಾಲೆಗಳಲ್ಲಿ ರೂಢಿಯಾಗಿದೆ. ಬೃಹತ್ ಕರುಗಳು ಮೊದಲಿಗಿಂತ ಕಡಿಮೆಯಾಗಿವೆ. ಹೆಚ್ಚಿನ ಐವಿಎಫ್ ಕರುಗಳು ಚೆನ್ನಾಗಿಯೇ ಹುಟ್ಟುತ್ತವೆ. ಅಲ್ಲದೆ ಈ ತೊಂದರೆ ಅಪರೂಪಕ್ಕೆ ಸಹಜವಾಗಿ ಗಬ್ಬವಾದ ಆಕಳುಗಳಲ್ಲೂ ಉಂಟೆಂದು ರಿವೆರಾ ಅವರ ತಂಡವೇ ಕಂಡುಕೊಂಡಿದೆ. ಆದರೆ ತಟ್ಟೆ ಎಂದಿಗೂ ಹೊಟ್ಟೆಯಾಗದು. ಐರ್ಲೆಂಡಿನ ಡಬ್ಲಿನ್ನಿನ ಸಂಶೋಧಕರು 2002ರಲ್ಲಿ ಒಂದು ಸೊಗಸಾದ ಪರೀಕ್ಷೆ ಮಾಡಿದರು. ತಟ್ಟೆಯಲ್ಲಿ ಕೂಡಿಸಿದ ದನದ ಭ್ರೂಣಗಳಲ್ಲಿ ಕೆಲವನ್ನು ತಟ್ಟೆಯಲ್ಲೇ ಬೆಳೆಸಿ, ಕೆಲವನ್ನು ಜೀವಂತ ಕುರಿಯ ಅಂಡನಾಳದಲ್ಲಿಟ್ಟು ಬೆಳೆಸಿದರು. ಎಷ್ಟು ಭ್ರೂಣ ಸಿಗುತ್ತವೆಂಬುದು ಅಂಡದ ಗುಣದಿಂದ, ಸಿಕ್ಕ ಭ್ರೂಣ ಎಷ್ಟು ಗಟ್ಟಿ ಎಂಬುದು ಬೆಳೆದ ಜಾಗದಿಂದ ಎಂದು ತಿಳಿದುಬಂತು. ಕುರಿಯ ಹೊಟ್ಟೆ ಕೂಡ ಆಕಳ ಭ್ರೂಣಕ್ಕೆ ತಟ್ಟೆಗಿಂತ ಒಳ್ಳೆಯ ಮನೆ!

ನನ್ನ ಆಕ್ಷೇಪ ಇರುವುದು ಲೆಕ್ಕ ಬರೆಯುವ ರೀತಿಯ ಬಗ್ಗೆ. ಪ್ರಯೋಗಶಾಲೆ ಎಣಿಸುವುದು ಭ್ರೂಣಗಳನ್ನು. ಯೋಜನೆ ಎಣಿಸುವುದು ನಿಂತ ಗಬ್ಬವನ್ನು. ತೊಂದರೆ ಕಾಣಿಸಿಕೊಳ್ಳುವುದಾದರೋ ಏಳನೆಯ ತಿಂಗಳಿನಿಂದ ಮೇಲೆ, ಈಯುವ ರಾತ್ರಿ, ಮತ್ತು ಮೊದಲ ವಾರದಲ್ಲಿ. ಆ ಹೊತ್ತಿಗೆ ಎಲ್ಲ ರಿಜಿಸ್ಟರುಗಳೂ ಮುಚ್ಚಿರುತ್ತವೆ. ತೆರೆದಿರುವುದು ರೈತನ ಕೊಟ್ಟಿಗೆಯ ಬಾಗಿಲು ಮಾತ್ರ. ಐವತ್ತು ದನ ಕಟ್ಟಿದವನಿಗೆ ಒಂದು ಆಕಳು ಹೋದರೆ ನಷ್ಟ. ಒಂದೇ ಆಕಳ ಹಾಲಿನಿಂದ ಮಕ್ಕಳ ಫೀಸು ಕಟ್ಟುವ ಮನೆಗೆ ಅದು ನಷ್ಟವೆಂಬ ಮಾತಿಗೂ ಮೀರಿದ್ದು. ಐದು ಸಾವಿರ ಅದನ್ನು ತುಂಬಿಕೊಡದು. ಆದುದರಿಂದ ಲೆಕ್ಕ ಗಬ್ಬದ ಹತ್ತಿರ ನಿಲ್ಲದೆ, ಹುಟ್ಟಿದ ಕರುವಿನ ತೂಕ, ಗಬ್ಬದ ಒಟ್ಟು ದಿನ, ಈಯಲು ಆದ ಕಷ್ಟ, ಮೂರು ತಿಂಗಳಿಗೆ ಕರು ಬದುಕಿದೆಯೇ ಎಂಬವೆಲ್ಲ ಅದೇ ಕಾರ್ಡಿನಲ್ಲಿ ಬರೆಯಲ್ಪಡಬೇಕು, ಸಹಾಯಧನದ ಒಂದು ಪಾಲು ಅಲ್ಲಿಯವರೆಗೆ ಕಾದಿರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾದರೆ ಮಾತ್ರ ಯಾವ ಪ್ರಯೋಗಶಾಲೆಯ ತಟ್ಟೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕಾಗದದ ಮೇಲೆ ಬರುತ್ತದೆ. ಜಗತ್ತಿನಲ್ಲಿ 2016ರಿಂದ ಆಕಳ ಹೊಟ್ಟೆಯಲ್ಲಿ ಬೆಳೆಸಿ ತೆಗೆದ ಭ್ರೂಣಗಳಿಗಿಂತ ತಟ್ಟೆಯಲ್ಲಿ ಬೆಳೆಸಿದವೇ ಹೆಚ್ಚು. ಇಷ್ಟು ದೊಡ್ಡ ವ್ಯವಹಾರಕ್ಕೆ ಕರುವಿನ ತೂಕ ಹಾಕುವುದು ಭಾರವಾಗದು.

ನಿಮ್ಮ ಕೊಟ್ಟಿಗೆಗೆ ಯಾರಾದರೂ ಇಂಥ ಭ್ರೂಣ ಇಡಲು ಬಂದರೆ ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಿ. ದ್ರವದಲ್ಲಿ ಸೀರಮ್ ಇದೆಯೇ? ಆಮ್ಲಜನಕ ಎಷ್ಟು? ನಿಮ್ಮ ಭ್ರೂಣಗಳಿಂದ ಹುಟ್ಟಿದ ಕರುಗಳ ತೂಕ ಬರೆದಿಟ್ಟಿದ್ದೀರಾ? ಕಷ್ಟದ ಹೆರಿಗೆಯಾದರೆ ಬರುವವರು ಯಾರು, ಖರ್ಚು ಯಾರದು? ಇಂಗ್ಲಿಷ್ ಬಾರದೆಂದು ಸಂಕೋಚಪಡಬೇಡಿ, ಕನ್ನಡದಲ್ಲೋ ತೆಲುಗಿನಲ್ಲೋ ಕೇಳಿ. ಸರಿಯಾದ ಕೆಲಸ ಮಾಡುವವರಿಗೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಇನ್ನು, ಸಣ್ಣ ಮೈಕಟ್ಟಿನ ಊರದನಕ್ಕಾಗಲಿ ಮೊದಲ ಸಲದ ಮಣಕಕ್ಕಾಗಲಿ ಎಚ್.ಎಫ್. ಭ್ರೂಣ ಇಡಲು ಒಪ್ಪಬೇಡಿ. ದೇವಣಿ ಕರು ಹುಟ್ಟುವಾಗ 20ರಿಂದ 25 ಕಿಲೋ. ಆ ದಾರಿಯಲ್ಲಿ ನಾಲ್ವತ್ತು ಕಿಲೋ ಬರುವುದೇ ಕಷ್ಟ, ಅದಕ್ಕಿಂತ ಹೆಚ್ಚಾದರೆ ಹೇಳುವುದೇ ಬೇಡ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಜಹೀರಾಬಾದಿನಿಂದ ಒಂದು ಗಂಟೆಯ ದಾರಿ. ನಮ್ಮ ಕಪ್ಪು ನೆಲದ ದೇವಣಿಗೇ ಈ ವಿದ್ಯೆಯನ್ನು ಬಳಸಿ ಎಂದು ಅಲ್ಲಿನವರನ್ನು ಕೇಳುವ ಹಕ್ಕು ಗಡಿಯ ಈಚೆಯವರಿಗೂ ಉಂಟು.

ಐವಿಎಫ್ ಬೇಡ, ಗೋಪಾಲಮಿತ್ರನ ಸೂಜಿಯೇ ಸಾಕು ಎನ್ನುವವರೂ ಮೊದಲ ವಾರವನ್ನು ಮರೆಯುವಂತಿಲ್ಲ. ಹೊಟ್ಟೆಯೂ ಒಂದು ತಟ್ಟೆಯೇ. ಕುರಿಗಳಿಗೆ ಯೂರಿಯಾ ಹೆಚ್ಚಾದ ಮೇವು ಹಾಕಿದಾಗ ಒಳಗಿನ ಭ್ರೂಣದ ಬೆಳವಣಿಗೆ ಏರುಪೇರಾದದ್ದು 1997ರಲ್ಲೇ ಕಂಡುಬಂದಿತ್ತು. ಗರ್ಭಧಾರಣೆಯ ಆಸುಪಾಸಿನಲ್ಲಿ ಬಿ12, ಫೋಲೇಟ್ ಜೀವಸತ್ವಗಳ ಕೊರತೆಯಾದ ಕುರಿಗಳ ಮರಿಗಳಲ್ಲಿ ಷರಾಗಳೇ ಬದಲಾಗಿ, ಬೆಳೆದ ಮೇಲೆ ರಕ್ತದೊತ್ತಡ ಏರಿದ್ದನ್ನು 2007ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದರು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಬಿ12 ತಯಾರಾಗಲು ಕೋಬಾಲ್ಟ್ ಬೇಕು, ಅದು ಖನಿಜ ಮಿಶ್ರಣದಲ್ಲಿರುತ್ತದೆ. ಬರಿ ಜೋಳದ ಕಣಿಕೆ ಮೇಯುವ ಆಕಳಿಗೆ ಬೆದೆಗೆ ಬರುವ ಎರಡು ತಿಂಗಳ ಮೊದಲಿನಿಂದಲೇ ಅದನ್ನು ಕೊಡಿ. ಸೂಜಿ ಮಾಡಿಸಿದ ವಾರ ಯೂರಿಯಾ ಬೆರೆಸಿದ ಮೇವನ್ನು ಹೊಸದಾಗಿ ಶುರುಮಾಡಬೇಡಿ. ತಾಂಡೂರಿನ ಮೇ ತಿಂಗಳ ಬಿಸಿಲಿನಲ್ಲಿ ಮೊದಲ ಎರಡು ಮೂರು ದಿನದ ಭ್ರೂಣ ಸುಲಭವಾಗಿ ಸಾಯುತ್ತದೆ. ಆದ್ದರಿಂದ ಆ ದಿನಗಳಲ್ಲಿ ಆಕಳನ್ನು ಮೇಯಲು ಬಿಡದೆ ಬೇವಿನ ನೆರಳಿನಲ್ಲಿ ಕಟ್ಟಿ, ಮೈಗೆ ನೀರು ಎರಚಿ.

ಭ್ರೂಣ ಇಡಿಸಿಕೊಂಡವರು ಏಳನೆಯ ತಿಂಗಳಿನಿಂದ ಹೊಟ್ಟೆಯ ಮೇಲೆ ಕಣ್ಣಿಡಿ. ಎರಡೂ ಕಡೆ ಸರಸರನೆ ಉಬ್ಬಿದರೆ ಮಾಸಿನಲ್ಲಿ ನೀರು ತುಂಬುತ್ತಿದೆ ಎಂದರ್ಥ. ಭ್ರೂಣ ಇಟ್ಟ ದಿನಕ್ಕಿಂತ ಏಳು ದಿನ ಹಿಂದಿನಿಂದ ಎಣಿಸಿ. 285 ದಿನ ದಾಟಿದರೂ ಈಯದಿದ್ದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ತೆಲಂಗಾಣದಲ್ಲಿ 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶುವೈದ್ಯ ವಾಹನ ಬರುತ್ತದೆ. ಕರು ಹುಟ್ಟಿದ ದಿನವೇ, ಗಿಣ್ಣು ಹಾಲು ಕುಡಿಸಿದ ಮೇಲೆ, ತೊಗರಿ ಚೀಲ ತೂಗುವ ಕಾಟಾದಲ್ಲಿಯೇ ಅದನ್ನು ತೂಗಿ, ಗೋಡೆಯ ಮೇಲೆ ಹಳೆಯ ತಾರೀಖಿನ ಪಕ್ಕದಲ್ಲಿ ಬರೆದಿಡಿ.