ಶಾಲೆಯಲ್ಲೊಬ್ಬ ಕೇಳುವವನು

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗಳು ಓದುತ್ತಿರುವ ಸರ್ಕಾರಿ ಶಾಲೆಯಲ್ಲಿ 'ಚಾಪ್ಲೆನ್' ಎಂಬ ಹುದ್ದೆಯವರೊಬ್ಬರಿದ್ದಾರಂತೆ. ಮಕ್ಕಳು ಅವರನ್ನು ಸಲಿಗೆಯಿಂದ 'ಚಾಪಿ' ಎಂದು ಕರೆಯುತ್ತಾರೆ. ಊರಿನ ಚರ್ಚುಗಳ ಬೆಂಬಲದಿಂದ ಬಂದಿರುವ ಈ ವ್ಯಕ್ತಿಯ ಬಳಿ ಮಗಳು ಮನಸ್ಸು ಬಿಚ್ಚಿ ಮಾತನಾಡುವುದು ಸರಿಯೇ ಎಂಬುದು ಅವರ ಅಳುಕು. ಇದು ಅವರೊಬ್ಬರ ಪ್ರಶ್ನೆಯಾಗಿರಲಾರದೆಂದು ಭಾವಿಸಿ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆಯನ್ನು ತಿಳಿಯೋಣ. 2006ರಲ್ಲಿ ಪ್ರಧಾನಿ ಜಾನ್ ಹೊವಾರ್ಡ್ ಅವರು ಈ ಯೋಜನೆಯನ್ನು ಪ್ರಕಟಿಸಿದರು. 2007ರಿಂದ ಶಾಲೆಗಳಿಗೆ ವರ್ಷಕ್ಕೆ 20,000 ಡಾಲರುಗಳವರೆಗೆ ಅನುದಾನ ದೊರೆಯತೊಡಗಿತು. ಆ ಹಣದಿಂದ ಪೂರ್ಣಾವಧಿಯ ವ್ಯಕ್ತಿಯೊಬ್ಬರನ್ನು ನೇಮಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅನೇಕ ಕಡೆ ಉಳಿದ ಹಣವನ್ನು ಸ್ಥಳೀಯ ಚರ್ಚುಗಳೂ ಊರವರೂ ಕೂಡಿಸಿ ಕೊಟ್ಟರು. ತೂವುಂಬಾ ನಗರದ ರಾನ್ ವಿಲಿಯಮ್ಸ್ ಎಂಬ ತಂದೆ ಇದನ್ನು ಪ್ರಶ್ನಿಸಿ ಆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರಿದರು. 2012ರಲ್ಲಿಯೂ 2014ರಲ್ಲಿಯೂ ಅವರೇ ಗೆದ್ದರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೇಂದ್ರ ಸರ್ಕಾರಕ್ಕೆ ಹೀಗೆ ನೇರವಾಗಿ ಹಣ ಕೊಡುವ ಅಧಿಕಾರವಿಲ್ಲವೆಂದು ನ್ಯಾಯಾಲಯ ಹೇಳಿತೇ ಹೊರತು, ಧರ್ಮಸ್ವಾತಂತ್ರ್ಯಕ್ಕೆ ಭಂಗವಾಯಿತೆಂದು ಹೇಳಲಿಲ್ಲ. ಹೀಗಾಗಿ ಹಣವು ರಾಜ್ಯ ಸರ್ಕಾರಗಳ ಮೂಲಕ ಹರಿದು ಯೋಜನೆ ಮುಂದುವರಿಯಿತು.

ಮತೀಯ ಹಿನ್ನೆಲೆಯಿಲ್ಲದ ಕ್ಷೇಮಾಧಿಕಾರಿಯನ್ನು ನೇಮಿಸಿಕೊಳ್ಳಲು 2011ರಲ್ಲಿ ಅವಕಾಶ ಕಲ್ಪಿಸಲಾಯಿತು. 2014ರಲ್ಲಿ ಅಧಿಕಾರಕ್ಕಿದ್ದ ಸರ್ಕಾರ ಅದನ್ನು ತೆಗೆದುಹಾಕಿತು. 2023ರಲ್ಲಿ ಯೋಜನೆಯ ಹೆಸರೇ 'ರಾಷ್ಟ್ರೀಯ ವಿದ್ಯಾರ್ಥಿ ಕ್ಷೇಮ ಯೋಜನೆ' ಎಂದು ಬದಲಾಗಿ, ಆಯ್ಕೆಯನ್ನು ಮತ್ತೆ ಶಾಲೆಗಳಿಗೇ ಬಿಡಲಾಯಿತು.

ಇನ್ನು ನನ್ನ ಅಭಿಪ್ರಾಯ. ಪಾಠ ಮಾಡಿದವರೆಲ್ಲರೂ ಬಲ್ಲ ಸತ್ಯವೊಂದಿದೆ: ಮಗುವು ತನ್ನ ದುಃಖವನ್ನು ತನಗೆ ಅಂಕ ಹಾಕುವವರ ಮುಂದೆ ಸುಲಭವಾಗಿ ತೆರೆದಿಡುವುದಿಲ್ಲ. ನಲವತ್ತು ಮಕ್ಕಳ ತರಗತಿ, ಮುಗಿಯಬೇಕಾದ ಪಾಠ, ತಿದ್ದಬೇಕಾದ ಉತ್ತರ ಪತ್ರಿಕೆ, ಇವುಗಳ ನಡುವೆ ಮೌನವಾಗಿಬಿಟ್ಟ ಮಗುವು ಉಪಾಧ್ಯಾಯನ ಕಣ್ಣಿಗೆ ಬೀಳುವುದೇ ಕಷ್ಟ. ಅಂಕ ಹಾಕದ, ಗದರಿಸದ, ಬೆಳಗಿನ ಉಪಾಹಾರ ಬಡಿಸುತ್ತಲೋ ಆಟದ ಬಯಲಿನಲ್ಲಿ ಜೊತೆಗೆ ನಿಂತೋ ಮಾತನಾಡಿಸುವ ಹಿರಿಯರೊಬ್ಬರು ಶಾಲೆಯಲ್ಲಿರುವುದು ಸಣ್ಣ ಭಾಗ್ಯವಲ್ಲ.

ಅಂಥವರನ್ನು ಧಾರ್ಮಿಕ ಸಂಸ್ಥೆಯು ಒದಗಿಸಿತೆಂಬ ಒಂದೇ ಕಾರಣಕ್ಕೆ ಸಂಶಯಿಸುವುದು ನಮಗಂತೂ ಶೋಭಿಸದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡಮಕ್ಕಳು ಉಂಡು, ಓದಿ, ಬಾಳು ಕಂಡುಕೊಂಡಿರುವುದನ್ನು ನಾವು ಬಲ್ಲೆವು. ಸೇವೆಯ ಹಿಂದೆ ಶ್ರದ್ಧೆಯಿದ್ದರೆ ಸೇವೆಗೆ ಕಳೆಯೇರುವುದೂ ಉಂಟು.

ಆದರೆ ಮಠವು ತಾನೇ ಶಾಲೆ ನಡೆಸುವುದು ಬೇರೆ, ಸರ್ಕಾರದ ಶಾಲೆಯೊಳಗೆ ಚರ್ಚಿನ ಪ್ರತಿನಿಧಿಯಿರುವುದು ಬೇರೆ. ಮೊದಲನೆಯದನ್ನು ಅರಸಿ ಹೋಗುವವರು ಅದರ ಸ್ವರೂಪವನ್ನು ತಿಳಿದೇ ಹೋಗುತ್ತಾರೆ. ಎರಡನೆಯದು ಎಲ್ಲರ ಮನೆ. ನಮ್ಮ ಸಂವಿಧಾನದ 28ನೆಯ ವಿಧಿಯು ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿರುವುದು ಈ ವಿವೇಕದಿಂದಲೇ.

ಚಾಪ್ಲೆನ್ ಮತಪ್ರಚಾರ ಮಾಡಬಾರದೆಂದು ಅಲ್ಲಿನ ನಿಯಮವೂ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದಲ್ಲಿ, ಮಾಡಬಾರದ ಕೆಲಸಕ್ಕೆ ಸಂಬಂಧಿಸಿದ ಅರ್ಹತೆಯನ್ನು ಕೇಳುವುದೇಕೆ? ಧಾರ್ಮಿಕ ಸಂಸ್ಥೆಯೊಂದರ ಮಾನ್ಯತೆಯೇ ಹುದ್ದೆಯ ಬಾಗಿಲಾದರೆ, ಮಕ್ಕಳ ಮನಸ್ಸನ್ನು ಅರಿಯಲು ಚೆನ್ನಾಗಿ ತರಬೇತಿ ಪಡೆದ, ಯಾವ ಸಂಸ್ಥೆಗೂ ಸೇರದ ತರುಣಿಯೊಬ್ಬಳು ಹೊರಗೇ ಉಳಿಯಬೇಕಾಗುತ್ತದೆ. ಚರ್ಚಿನವರ ದಾನ ನಿಷ್ಕಲ್ಮಷವಾದುದೇ ಇರಬಹುದು. ಆದರೂ ದಾನವು ಪಡೆದವರ ಮೇಲೆ ಒಂದು ದಾಕ್ಷಿಣ್ಯವನ್ನು ಹೊರಿಸುತ್ತದೆ. ಆ ದಾಕ್ಷಿಣ್ಯ ಮಗುವಿನ ಹೆಗಲಿಗೆ ಬೀಳಕೂಡದು. ಜೊತೆಗೆ, ಒಳ್ಳೆಯ ಮನಸ್ಸೊಂದೇ ಸಾಲದು. ಗಾಢವಾದ ಖಿನ್ನತೆಯಲ್ಲಿರುವ ಮಗುವನ್ನು ಗುರುತಿಸಿ ಕೂಡಲೇ ತಜ್ಞರಲ್ಲಿಗೆ ಕಳಿಸುವ ತಿಳಿವಳಿಕೆ ಬೇಕು. ಯುವಜನ ಸೇವೆಯಲ್ಲಿ ಸರ್ಟಿಫಿಕೇಟ್ 4 ಅಥವಾ ಅದಕ್ಕೆ ಸಮಾನವಾದ ಕನಿಷ್ಠ ವಿದ್ಯಾರ್ಹತೆಯನ್ನು ಮುಂದೆ ನಿಗದಿಪಡಿಸಿದ್ದು ಸ್ವಾಗತಾರ್ಹ. ಆದರೆ ಅದು ಮನಶ್ಶಾಸ್ತ್ರಜ್ಞರ ಸ್ಥಾನವನ್ನು ತುಂಬಲಾರದು.

ಆದುದರಿಂದ 2023ರ ಮಾರ್ಪಾಡೇ ನ್ಯಾಯವಾದ ಹಾದಿಯೆಂದು ನನ್ನ ಎಣಿಕೆ. ಚರ್ಚು ಹಣ ಕೊಡಲಿ, ಜನರನ್ನೂ ಕೊಡಲಿ. ಆರಿಸುವ ಅಧಿಕಾರ ಶಾಲೆಯದೂ ಪೋಷಕರದೂ ಆಗಿರಲಿ. ಅಳತೆಗೋಲು ಶ್ರದ್ಧೆಯಾಗದೆ ಯೋಗ್ಯತೆಯಾಗಲಿ.

ಪತ್ರ ಬರೆದ ವಿದ್ಯಾರ್ಥಿಗೆ ನನ್ನ ಸಲಹೆ ಇಷ್ಟೇ. ಹೆದರಿ ಮಗಳನ್ನು ತಡೆಯಬೇಡಿ. ಶಾಲೆಗೆ ಹೋಗಿ ಆ ವ್ಯಕ್ತಿಯನ್ನು ಕಾಣಿರಿ. ಅವರ ತರಬೇತಿಯೇನು, ಮಕ್ಕಳೊಡನೆ ಏನನ್ನು ಮಾತನಾಡುತ್ತಾರೆ, ಕಷ್ಟದ ಸಂದರ್ಭದಲ್ಲಿ ಯಾರಿಗೆ ತಿಳಿಸುತ್ತಾರೆ ಎಂದು ವಿನಯದಿಂದ ಕೇಳಿರಿ. ಪೋಷಕರ ಸಮಿತಿಯಲ್ಲಿ ನೀವೂ ಕುಳಿತುಕೊಳ್ಳಿರಿ. ನಮ್ಮವರು ಹೊರಗೆ ನಿಂತು ಗೊಣಗುವುದರಲ್ಲಿ ನಿಪುಣರು, ಒಳಗೆ ಕುಳಿತು ಪ್ರಶ್ನಿಸುವುದರಲ್ಲಿ ಸಂಕೋಚದವರು.

ಇಲ್ಲಿಯೇ ಇರುವ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು. ಅವರು ಯಾರು ಕೇಳಬೇಕೆಂದು ಜಗಳವಾಡುತ್ತಿದ್ದಾರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಕೇಳುವವರೇ ಇಲ್ಲ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದಾರುಣ ಸುದ್ದಿಗಳನ್ನು ಓದುವಾಗ ನನಗೆ ಅವರ ಜಗಳವೂ ಒಂದು ಸೌಭಾಗ್ಯವೆಂದೇ ತೋರುತ್ತದೆ.